ಸ್ಥಾನ ಉಂಟು, ದೂರ ಇಲ್ಲ

ಬೀಜಿಂಗ್ ಒಲಿಂಪಿಕ್ಸ್‌ನ ಮಹಿಳೆಯರ ಜಾವೆಲಿನ್ ಫೈನಲ್ ನಡೆದದ್ದು 2008ರ ಆಗಸ್ಟ್ 21ರಂದು. ಅಂದು ಹೊರಬಿದ್ದ ಫಲಿತಾಂಶದ ಹಾಳೆಯ ನಾಲ್ಕನೇ ಸಾಲಿನಲ್ಲಿ ಹೀಗಿದೆ: ಗೋಲ್ಡಿ ಸೇಯರ್ಸ್, ಗ್ರೇಟ್ ಬ್ರಿಟನ್, 65.75 ಮೀಟರ್. ಅದೇ ಸ್ಪರ್ಧೆಯ ಫಲಿತಾಂಶವನ್ನು ಈಗ ತೆಗೆದು ನೋಡಿದರೆ ಆಕೆ ಮೂರನೆಯವರು. ಎಸೆದ ದೂರದಲ್ಲಿ ಒಂದು ಸೆಂಟಿಮೀಟರೂ ಹೆಚ್ಚುಕಮ್ಮಿ ಆಗಿಲ್ಲ, ಸ್ಥಾನ ಮಾತ್ರ ಮೇಲೆ ಬಂದಿದೆ.

ನಾನು ಹುಡುಕಲು ಹೊರಟಿದ್ದು ಈಕೆಯನ್ನಲ್ಲ. ಶಿಕಾರಿಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರುವವರಿದ್ದರು. ಆಟೋಟದಲ್ಲಿ ಹೆಸರು ಮಾಡಿದ ಹೆಣ್ಣುಮಕ್ಕಳ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಬಡ್ಡಿ, ಖೋ ಖೋ ಎಲ್ಲರ ಬಾಯಲ್ಲೂ ಇದ್ದವು. ಹಾಗಾಗಿ ಯಾರೂ ಮಾತಾಡದ ಜಾವೆಲಿನ್ ಹಿಡಿದು ಹೊರಟೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಈಟಿ ಎಸೆದು ಜಿಲ್ಲಾ ಮಟ್ಟಕ್ಕೆ ಹೋದ ಹುಡುಗಿಯರು ಯಾರು ಯಾರು, ಎಷ್ಟು ದೂರ ಎಸೆದರು? ಇಷ್ಟೇ ಪ್ರಶ್ನೆ. ಹೋಲಿಕೆಗೆ ಹೊರದೇಶದ ಒಬ್ಬಿಬ್ಬರ ಅಂಕಿಅಂಶ ಇರಲಿ ಅಂತ ಬ್ರಿಟನ್ನಿನವರ ದಾಖಲೆ ತೆಗೆದೆ. ದೂರದ ದೇಶದವರು ಕೂತಲ್ಲೇ ಸಿಕ್ಕರು. ಊರಿನವರಿಗಾಗಿ ಊರೂರು ಅಲೆಯಬೇಕಾಯಿತು.

ಮೊದಲು ಸಿಕ್ಕವರ ಕಥೆ ಹೇಳುತ್ತೇನೆ.

ಸೇಯರ್ಸ್ ಹುಟ್ಟಿದ್ದು 1982ರ ಜುಲೈ 16ರಂದು, ಇಂಗ್ಲೆಂಡಿನ ನ್ಯೂಮಾರ್ಕೆಟ್ ಎಂಬ ಊರಲ್ಲಿ. ಕುದುರೆ ರೇಸಿಗೆ ಹೆಸರಾದ ಊರು ಅದು. ದಾಖಲೆಯಲ್ಲಿ ಪೂರ್ಣ ಹೆಸರು ಕ್ಯಾಥರೀನ್ ಡೈನಾ ಸೇಯರ್ಸ್. ಗೋಲ್ಡಿ ಎಂಬುದು ಕರೆಯುವ ಹೆಸರು. ಎರಡು ಹೆಸರಿದ್ದರೂ ಪಟ್ಟಿಗಳಲ್ಲಿ ಎಲ್ಲೂ ಇಬ್ಬರಾಗಿ ಒಡೆದುಹೋಗಿಲ್ಲ, ಎಲ್ಲ ಎಸೆತಗಳೂ ಒಂದೇ ಖಾತೆಗೆ ಜಮೆಯಾಗಿವೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಲಿಲ್ಲ. ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ ಮೊದಲ ಎಸೆತಕ್ಕೇ 65.75. ಅದು ಆಗ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ. ಆದರೆ ಜರ್ಮನಿಯ ಕ್ರಿಸ್ಟಿನಾ ಒಬರ್‌ಗ್‌ಫೋಲ್ 66.13 ಎಸೆದರು. ಕಂಚು ಕೈತಪ್ಪಿದ್ದು 38 ಸೆಂಟಿಮೀಟರಿಗೆ, ಅಂದರೆ ಒಂದು ಮೊಳಕ್ಕೂ ಕಡಿಮೆ ಅಂತರಕ್ಕೆ. ಮೇಲೆ ಇನ್ನಿಬ್ಬರು: 70.78 ಎಸೆದ ರಷ್ಯಾದ ಮರಿಯಾ ಅಬಾಕುಮೋವಾ, ಕೊನೆಯ ಎಸೆತದಲ್ಲಿ 71.42ಕ್ಕೆ ಕಳಿಸಿ ಚಿನ್ನ ಕಸಿದುಕೊಂಡ ಜೆಕ್ ಗಣರಾಜ್ಯದ ಬಾರ್ಬೊರಾ ಸ್ಪೊಟಕೋವಾ.

ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಮೂತ್ರದ ಮಾದರಿಗಳನ್ನು ಪರೀಕ್ಷೆ ಮಾಡಿ ಚೆಲ್ಲಿಬಿಡುವುದಿಲ್ಲ. ವರ್ಷಗಟ್ಟಲೆ ಶೈತ್ಯದಲ್ಲಿ ಕಾಪಿಡುತ್ತಾರೆ. ವಿಜ್ಞಾನ ಮುಂದುವರಿದ ಮೇಲೆ, ಅಂದು ಕಣ್ತಪ್ಪಿದ್ದು ಇಂದು ಸಿಕ್ಕೀತು ಎಂಬ ಲೆಕ್ಕ. ಬೀಜಿಂಗಿನ ಮಾದರಿಗಳನ್ನು 2016ರಲ್ಲಿ ಮತ್ತೆ ಪರೀಕ್ಷಿಸಿದಾಗ ಅಬಾಕುಮೋವಾ ಅವರ ಮಾದರಿಯಲ್ಲಿ ಟುರಿನಬಾಲ್ ಎಂಬ ಸ್ಟೆರಾಯ್ಡ್‌ನ ಗುರುತು ಸಿಕ್ಕಿತು. ಹಿಂದೆ ಪೂರ್ವ ಜರ್ಮನಿಯ ಸರಕಾರವೇ ತನ್ನ ಆಟಗಾರರಿಗೆ ತಿನ್ನಿಸುತ್ತಿದ್ದ ಮಾತ್ರೆ ಅದೇ. ಅವರ ಬೆಳ್ಳಿ ರದ್ದಾಯಿತು. ಅವರು ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹೋದರು, ಅದೂ ಬಿದ್ದುಹೋಯಿತು. ಸೇಯರ್ಸ್ ಕೈಗೆ ಕಂಚು ಬಂದದ್ದು 2019ರ ಜುಲೈನಲ್ಲಿ, ಲಂಡನ್ನಿನ ಕ್ರೀಡಾಂಗಣದಲ್ಲಿ. ಎಸೆದು ಹನ್ನೊಂದು ವರ್ಷ ಆಗಿತ್ತು, ಆಕೆ ಆಟ ಬಿಟ್ಟಾಗಿತ್ತು.

ಈ ಪದಕದ ಕಥೆಯನ್ನು ಪತ್ರಿಕೆಗಳು ನ್ಯಾಯ ಗೆದ್ದ ಕಥೆಯಾಗಿ ಬರೆದವು. ನನಗೆ ಅದರಲ್ಲಿ ಕಂಡದ್ದು ಬೇರೆ. 65.75 ಎಂಬ ಅಂಕಿಯನ್ನು ಯಾರೋ ಅಳೆದು, ಬರೆದು, ರುಜು ಹಾಕಿ ಇಟ್ಟಿದ್ದರಿಂದಲೇ ಹನ್ನೊಂದು ವರ್ಷದ ನಂತರ ಅದಕ್ಕೆ ಪದಕ ಹುಡುಕಿಕೊಂಡು ಬಂತು. ‘ನಾಲ್ಕನೇ ಸ್ಥಾನ’ ಎಂದಷ್ಟೇ ಬರೆದು, ಪದಕದವರ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದರೆ? ನಾಲ್ಕನೆಯವಳು ಯಾರು ಅಂತ ಕೇಳಿಕೊಂಡು ಅಲೆಯಬೇಕಿತ್ತು.

ಹಾಳೆಗಳನ್ನು ಓದುತ್ತ ಹೋದರೆ ಅಂಕಿ ಇಲ್ಲದ ಜಾಗವೂ ಮಾತಾಡುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ತನ್ನದೇ ದೇಶದ ಜನರೆದುರು, ಸೇಯರ್ಸ್ ಹೆಸರಿನ ಮುಂದೆ ಇರುವುದು ಮೂರು ‘X’ ಗುರುತು ಅಷ್ಟೇ. ಅರ್ಹತಾ ಸುತ್ತಿನ ಮೂರೂ ಎಸೆತ ಫೌಲ್. ಇಷ್ಟನ್ನೇ ನೋಡಿದವರು ಈಕೆ ಹೆದರಿ ಸೋತಳು ಅಂದುಕೊಂಡಾರು. ಆದರೆ ಅದಕ್ಕೂ ಹಿಂದಿನ ತಿಂಗಳ ಹಾಳೆ ತಿರುಗಿಸಿದರೆ, ಲಂಡನ್ನಿನದೇ ಕ್ರಿಸ್ಟಲ್ ಪ್ಯಾಲೇಸ್ ಅಂಗಳದಲ್ಲಿ 66.17 ಎಸೆದು ಬ್ರಿಟನ್ನಿನ ದಾಖಲೆಯನ್ನು ಇನ್ನಷ್ಟು ಮೇಲೆ ಒಯ್ದಿದ್ದಾರೆ. ಮೊಣಕೈಯ ಸ್ನಾಯುಬಂಧಕ್ಕೆ ಪೆಟ್ಟಾದದ್ದೂ ಅದೇ ಕೂಟದಲ್ಲೇ. ಬದುಕಿನ ಅತಿ ದೊಡ್ಡ ಎಸೆತ, ಬದುಕಿನ ಅತಿ ದೊಡ್ಡ ಪೆಟ್ಟು, ಎರಡೂ ಒಂದೇ ದಿನ. ಲಂಡನ್ನಿನ ಆ ಮೂರು ಗುರುತುಗಳಿಗೆ ಅರ್ಥ ಬರುವುದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ.

ಇಲ್ಲಿ ಒಂದು ಗೋಜಲು ಎದುರಾಯಿತು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ 66.17 ಎನ್ನುತ್ತಾರೆ. ಹಾಗಿದ್ದರೆ ಫಾತಿಮಾ ವಿಟ್‌ಬ್ರೆಡ್ 1986ರಲ್ಲೇ ಎಸೆದ 77.44 ಎಲ್ಲಿ ಹೋಯಿತು? 1986ರ ಆಗಸ್ಟ್ 28ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಬರೀ ಅರ್ಹತಾ ಸುತ್ತಿನಲ್ಲಿ ಬಂದ ಎಸೆತ ಅದು, ಆ ದಿನದ ಮಟ್ಟಿಗೆ ವಿಶ್ವದಾಖಲೆ. ಎಸೆತದ ಸ್ಪರ್ಧೆಗಳಲ್ಲಿ ಬ್ರಿಟನ್ನಿನವರು ಬರೆದ ಮೊದಲ ವಿಶ್ವದಾಖಲೆ ಎಂದೇ ಅದನ್ನು ಎಣಿಸುತ್ತಾರೆ. ಇವತ್ತಿನ ವಿಶ್ವದಾಖಲೆ ಸ್ಪೊಟಕೋವಾ ಅವರ 72.28, ಅದೂ 2008ರ ಸೆಪ್ಟೆಂಬರಿನಲ್ಲಿ, ಅದೇ ಸ್ಟುಟ್‌ಗಾರ್ಟ್‌ನಲ್ಲಿ. ಹಳೆಯದು ಹೊಸದಕ್ಕಿಂತ ಐದು ಮೀಟರಿಗೂ ಹೆಚ್ಚು ಮುಂದೆ ನಿಂತಿದೆ!

ಉತ್ತರ ಇರುವುದು ಎಸೆದವರ ತೋಳಿನಲ್ಲಲ್ಲ, ಈಟಿಯ ಹೊಟ್ಟೆಯಲ್ಲಿ. ಮಹಿಳೆಯರ ಈಟಿಯ ತೂಕ ಕನಿಷ್ಠ 600 ಗ್ರಾಂ, ಉದ್ದ 2.20ರಿಂದ 2.30 ಮೀಟರ್. ಹಳೆಯ ಈಟಿ ಗಾಳಿಯಲ್ಲಿ ತೇಲಿಕೊಂಡು ಹೋಗಿ ಮಟ್ಟಸವಾಗಿ ನೆಲಕ್ಕೆ ಬೀಳುತ್ತಿತ್ತು. ಮೊನೆ ಮೊದಲು ತಾಗಿತೋ ಬಾಲ ತಾಗಿತೋ ಎಂಬ ಜಗಳ ಪ್ರತಿ ಕೂಟದಲ್ಲೂ ಇರುತ್ತಿತ್ತು. ಗಂಡಸರ ಈಟಿಯನ್ನು 1986ರಲ್ಲೇ ಬದಲಾಯಿಸಿದ್ದರು. ಪೂರ್ವ ಜರ್ಮನಿಯ ಉವೆ ಹೋನ್ 1984ರಲ್ಲಿ 104.80 ಮೀಟರ್ ಎಸೆದ ಮೇಲೆ, ಇನ್ನು ಅಂಗಳವೇ ಸಾಲದು ಎಂಬ ಭಯವೂ ಸೇರಿತ್ತು. ಮಹಿಳೆಯರ ಈಟಿಯ ಗುರುತ್ವ ಕೇಂದ್ರವನ್ನು 1999ರಲ್ಲಿ ಮೂರು ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೂತಿ ಬೇಗ ಕೆಳಗೆ ಬಾಗುತ್ತದೆ, ಮೊನೆ ನೆಲಕ್ಕೆ ಚುಚ್ಚುತ್ತದೆ, ದೂರ ಕಡಿಮೆಯಾಗುತ್ತದೆ. ದಾಖಲೆ ಪುಸ್ತಕದಲ್ಲಿ ಹೊಸ ಪುಟ ತೆಗೆದು ಮೊದಲಿನಿಂದ ಬರೆದರು. ಹಳೆಯ ಪುಟವನ್ನು ಹರಿದು ಹಾಕಲಿಲ್ಲ, ‘ಹಳೆಯ ಈಟಿ’ ಎಂಬ ತಲೆಬರಹ ಕೊಟ್ಟು ಹಾಗೇ ಇಟ್ಟರು. ಬ್ರಿಟನ್ನಿನ ಮಟ್ಟಿಗೆ ವಿಟ್‌ಬ್ರೆಡ್ ಆ ಪುಟದ ತುದಿಯಲ್ಲಿದ್ದಾರೆ, ಅವರ ಕೆಳಗೆ 73.58ರೊಂದಿಗೆ ಟೆಸ್ಸಾ ಸ್ಯಾಂಡರ್ಸನ್.

ಈ ಇಬ್ಬರ ಪೈಪೋಟಿಯೇ ಒಂದು ಪುಸ್ತಕವಾಗುವಷ್ಟಿದೆ. ಸ್ಯಾಂಡರ್ಸನ್ ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವರು. 1976ರಿಂದ 1996ರವರೆಗೆ ಒಂದೂ ಬಿಡದೆ ಆರು ಒಲಿಂಪಿಕ್ಸ್. ಮಾಸ್ಕೋದಲ್ಲಿ ಫೈನಲ್ಲಿಗೇ ಬರಲಿಲ್ಲ. ಮುಂದಿನ ಸಲ, 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಮೊದಲ ಎಸೆತಕ್ಕೇ 69.56 ಹೊಡೆದು ಚಿನ್ನ ಗೆದ್ದರು. ಒಲಿಂಪಿಕ್ ಚಿನ್ನ ಗೆದ್ದ ಮೊದಲ ಬ್ರಿಟಿಷ್ ಕಪ್ಪು ಮಹಿಳೆ. ಅದೇ ಫೈನಲ್‌ನಲ್ಲಿ ವಿಟ್‌ಬ್ರೆಡ್ 67.14ಕ್ಕೆ ಕಂಚು. ವಿಟ್‌ಬ್ರೆಡ್ ಅವರದು ಹೆತ್ತವರು ಕೈಬಿಟ್ಟ ಕೂಸಿನ ಬದುಕು, ಬಾಲ್ಯವೆಲ್ಲ ಅನಾಥಾಲಯಗಳಲ್ಲಿ. ಜಾವೆಲಿನ್ ಕೋಚ್ ಮಾರ್ಗರೆಟ್ ವಿಟ್‌ಬ್ರೆಡ್ ಕಲಿಸಿದ್ದಲ್ಲದೆ ದತ್ತು ತೆಗೆದುಕೊಂಡು ಹೆಸರನ್ನೂ ಕೊಟ್ಟರು. 1987ರಲ್ಲಿ ರೋಮ್‌ನಲ್ಲಿ 76.64 ಎಸೆದು ವಿಶ್ವ ಚಾಂಪಿಯನ್ ಆದರು, ಮರುವರ್ಷ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಬಾಲ್ಯದ ದಾಖಲೆ ಚೂರುಚೂರಾದ ಈ ಮಗು ಈಟಿ ಹಿಡಿದ ದಿನದಿಂದ ಮುಂದಿನ ಪ್ರತಿ ಸೆಂಟಿಮೀಟರಿಗೂ ಸಾಕ್ಷಿ ಇದೆ.

ಇಷ್ಟು ಅಚ್ಚುಕಟ್ಟಾಗಿ ಇದನ್ನೆಲ್ಲ ಬರೆದಿಟ್ಟವರು ಯಾರು? ಸರಕಾರದ ದೊಡ್ಡ ಇಲಾಖೆ ಇರಬೇಕು ಎಂದು ಯಾರಾದರೂ ಊಹಿಸುತ್ತಾರೆ. ನಿಜವಾಗಿ ಇದರ ಹಿಂದೆ ಇದ್ದವರು ಹವ್ಯಾಸಿಗಳು. ಬ್ರಿಟನ್ನಿನ ಅಥ್ಲೆಟಿಕ್ಸ್ ಅಂಕಿಅಂಶ ಸಂಗ್ರಹಿಸುವವರು 1958ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಜಾಗತಿಕ ಮಟ್ಟದ ಇಂಥದೇ ಕೂಟ 1950ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾಗಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಹೊಟ್ಟೆಪಾಡಿಗೆ ಬೇರೆ ಕೆಲಸ ಇದ್ದ ಜನ, ಕೂಟದ ಫಲಿತಾಂಶ ತರಿಸಿಕೊಂಡು ಕೈಯಲ್ಲಿ ಪಟ್ಟಿ ಮಾಡಿದರು. ಅಂತಹವರ ಹುಚ್ಚಿನಿಂದ ಇವತ್ತು ಶಿಕಾರಿಪುರದಲ್ಲಿ ಕೂತ ನನಗೆ ವಿಟ್‌ಬ್ರೆಡ್ ಸಿಗುತ್ತಾರೆ.

ಈಗ ನಮ್ಮ ತಾಲ್ಲೂಕಿಗೆ ಬರೋಣ.

ಶಾಲಾ ಕ್ರೀಡಾಕೂಟ ನಮ್ಮಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಹೋಬಳಿ, ತಾಲ್ಲೂಕಿನ ಕೂಟ ಸಾಮಾನ್ಯವಾಗಿ ಮಲೆನಾಡಿನ ಮಳೆ ಇನ್ನೂ ಬಿಡದ ತಿಂಗಳಲ್ಲಿ. ಓಡುವವರಿಗೆ ಅದು ಶಿಕ್ಷೆ, ಕೆಸರಿನಲ್ಲಿ ಕಾಲು ಜಾರುತ್ತದೆ. ಈಟಿಗೆ ಮಾತ್ರ ಒದ್ದೆ ನೆಲ ಒಳ್ಳೆಯದೇ, ಮೊನೆ ಚುಚ್ಚಿದ ಗುರುತು ಚೆನ್ನಾಗಿ ಕಾಣುತ್ತದೆ, ಜಗಳ ಇರುವುದಿಲ್ಲ. ಅಳೆಯುವ ಕ್ರಮ ಲಂಡನ್ನಿನಲ್ಲಾಗಲಿ ಸೊರಬದಲ್ಲಾಗಲಿ ಒಂದೇ. ಎಂಟು ಮೀಟರ್ ತ್ರಿಜ್ಯದ ಕಮಾನು ಗೆರೆ, ಅದನ್ನು ತುಳಿದರೆ ಫೌಲ್. ಮೊನೆ ಮೊದಲು ತಾಗಿದ ಜಾಗಕ್ಕೆ ಟೇಪಿನ ಸೊನ್ನೆ, ಇನ್ನೊಂದು ತುದಿಯನ್ನು ಕಮಾನಿನ ಕೇಂದ್ರದವರೆಗೆ ಬಿಗಿಯಾಗಿ ಎಳೆದು, ಗೆರೆಯ ಒಳ ಅಂಚಿನಲ್ಲಿ ಎಷ್ಟು ತೋರಿಸುತ್ತದೋ ಅಷ್ಟು. ಮೇಷ್ಟ್ರುಗಳು ಇದನ್ನು ಸರಿಯಾಗಿಯೇ ಮಾಡುತ್ತಾರೆ, ನಾನು ನಿಂತು ನೋಡಿದ್ದೇನೆ. ಒಬ್ಬರು ಟೇಪ್ ಹಿಡಿದು ಕೂಗುತ್ತಾರೆ, ಇನ್ನೊಬ್ಬರು ಪ್ಯಾಡ್ ಮೇಲಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಅಂದರೆ ಅಳತೆ ಆಗುತ್ತದೆ, ಬರಹವೂ ಆಗುತ್ತದೆ. ಕಳೆದುಹೋಗುವುದು ಆಮೇಲೆ.

ಹಳೆಯ ವಿದ್ಯಾರ್ಥಿನಿಯೊಬ್ಬರು ಟ್ರಂಕಿನ ತಳದಿಂದ ತೆಗೆದುಕೊಟ್ಟ ಪ್ರಮಾಣಪತ್ರ ನನ್ನ ಮುಂದಿತ್ತು. ಪ್ಲಾಸ್ಟಿಕ್ ಹೊದಿಕೆಯೊಳಗೆ ಮಡಿಕೆಯ ಗೆರೆಯಲ್ಲಿ ಸೀಳಿದ ಗಟ್ಟಿ ಕಾಗದ, ಸುತ್ತ ನೀಲಿ ಬಳ್ಳಿಯ ಅಂಚು, ಕೆಳಗೆ ಮೂರು ರುಜು, ನೇರಳೆ ಬಣ್ಣದ ಮೊಹರು. ಹೆಸರು, ಶಾಲೆ, ತರಗತಿ, ‘ಜಾವಲಿನ್ ಎಸೆತ’, ‘ಪ್ರಥಮ ಸ್ಥಾನ’ ಇಷ್ಟೂ ಮಸಿಯಲ್ಲಿ ತುಂಬಿದೆ. ದೂರ ಬರೆಯಲು ಆ ಕಾಗದದಲ್ಲಿ ಜಾಗವನ್ನೇ ಬಿಟ್ಟಿಲ್ಲ. ಈಟಿಯ ತೂಕಕ್ಕೂ ಇಲ್ಲ. ಚಿಕ್ಕ ಹುಡುಗಿಯರ ವಿಭಾಗಕ್ಕೆ 500 ಗ್ರಾಂ, ದೊಡ್ಡವರಿಗೆ 600 ಗ್ರಾಂ. ಇದು ತಿಳಿಯದಿದ್ದರೆ ದೂರ ಸಿಕ್ಕರೂ ಉಪಯೋಗವಿಲ್ಲ. ಎಷ್ಟೋ ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಿದ್ದುದು ಬಿದಿರಿನ ಈಟಿಯಲ್ಲಿ, ಕೂಟದಲ್ಲಿ ಕೈಗೆ ಬರುತ್ತಿದ್ದುದು ಲೋಹದ್ದು.

ಆಕೆ ಈಗ ಸೊರಬದ ಕಡೆಯ ಸೊಸೆ. ನಾನು ಹೋದಾಗ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಎಷ್ಟು ದೂರ ಹೋಗಿತ್ತು ಅಂತ ಕೇಳಿದೆ.

“ಮೀಟ್ರು ಗೀಟ್ರು ನಂಗೆ ಗೊತ್ತಿಲ್ಲಣ್ಣ. ಫೀಲ್ಡಿನ ಆಚೆ ಕಡೆ ಒಂದು ಹುಣಸೆ ಮರ ಇತ್ತು. ಅದರ ನೆಳ್ಳಲ್ಲಿ ಕೂತಿದ್ದ ಹುಡುಗ್ರೆಲ್ಲ ಎದ್ದು ಓಡಿದ್ರು. ಮೇಷ್ಟ್ರು ಇನ್ನೊಂದ್ಸಲ ಎಸಿ ಅಂದ್ರು, ಅಷ್ಟೇ ನೆನಪು.”

ಹುಣಸೆ ಮರ ಈಗ ಇಲ್ಲ. ಅಂಗಳಕ್ಕೆ ಕಾಂಪೌಂಡು ಕಟ್ಟುವಾಗ ಕಡಿದರಂತೆ. ಮರ ಇದ್ದಿದ್ದರೆ ಟೇಪ್ ಹಿಡಿದು ನಾನೇ ಅಳೆದು ಬಿಡುತ್ತಿದ್ದೆನೇನೋ!

ಇನ್ನೊಂದು ತೊಡಕು ಹೆಸರಿನದು. ಮದುವೆಯಾದ ಮೇಲೆ ಇನಿಷಿಯಲ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಹೆಸರನ್ನೇ ಬದಲಾಯಿಸುತ್ತಾರೆ. ಶಾಲೆಯ ಪಟ್ಟಿಯಲ್ಲಿರುವ ಹುಡುಗಿ ಮತದಾರರ ಪಟ್ಟಿಯಲ್ಲಿ ಬೇರೆಯದೇ ವ್ಯಕ್ತಿ. ಗಂಡುಹುಡುಗರ ಜಾಡು ಇಷ್ಟು ಬೇಗ ತಪ್ಪುವುದಿಲ್ಲ. ಸೊರಬದ ಗಡಿಯಾಚೆಯ ಶಿರಸಿ ತಾಲ್ಲೂಕಿನ ಕಾಶಿನಾಥ ನಾಯ್ಕ ಅವರನ್ನೇ ನೋಡಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದವರು. ಈ ಕೂಟದ ಜಾವೆಲಿನ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಸೇನೆಗೆ ಸೇರಿದರು, ಸೇನೆ ಲೆಕ್ಕ ಇಟ್ಟಿತು. ನಮ್ಮ ಹುಡುಗಿಯರಿಗೆ ಹತ್ತನೇ ತರಗತಿಯ ಆಚೆ ಲೆಕ್ಕ ಇಡುವ ಯಾವ ಸಂಸ್ಥೆ ಇತ್ತು?

ಕಚೇರಿಯೊಂದರಲ್ಲಿ ಹಳೆಯ ಕಡತ ಕೇಳಿದೆ. ಗುಮಾಸ್ತರು ಒಳ್ಳೆಯವರು, ಬೀರು ತೆಗೆದು ತೋರಿಸಿದರು. ಖರ್ಚಿನ ವೋಚರುಗಳು ಇದ್ದವು. ಶಾಮಿಯಾನ, ಊಟ, ಧ್ವನಿವರ್ಧಕ, ಸುಣ್ಣದ ಪುಡಿ, ಎಲ್ಲದಕ್ಕೂ ರಸೀದಿ. ಆಡಿಟ್ ಆಗುವ ಕಾಗದ ಉಳಿಯುತ್ತದೆ, ಆಡಿಟ್‌ಗೆ ಬೇಡದ ಕಾಗದ ರದ್ದಿಗೆ ಹೋಗುತ್ತದೆ. ಎಸೆತದ ಹಾಳೆ ಎರಡನೇ ಜಾತಿಯದು. ಸುಣ್ಣ ಎಷ್ಟು ಕೆಜಿ ಬಿತ್ತು ಅಂತ ಹೇಳಬಲ್ಲೆ, ಆ ಸುಣ್ಣದ ಗೆರೆಯಿಂದ ಈಟಿ ಎಷ್ಟು ದೂರ ಹೋಯಿತು ಅಂತ ಹೇಳಲಾರೆ.

ಒಂದು ನೋಟ್‌ಬುಕ್ ಮಾತ್ರ ಸಿಕ್ಕಿತು, ನಿವೃತ್ತ ಡ್ರಿಲ್ ಮೇಷ್ಟರ ಮನೆಯಲ್ಲಿ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಒಳಗೆ ಚೆಸ್ಟ್ ನಂಬರ್, ಶಾಲೆ, ಮೂರು ಎಸೆತಕ್ಕೆ ಮೂರು ಕಾಲಂ, ಉತ್ತಮ ಎಸೆತದ ಸುತ್ತ ಕೆಂಪು ಪೆನ್ಸಿಲಿನ ವೃತ್ತ. ಮಳೆ ಹನಿ ಬಿದ್ದು ಕೆಲವು ಅಂಕಿಗಳು ನೀಲಿ ಮಚ್ಚೆಯಾಗಿವೆ. ಆದರೂ ಓದಬಹುದು. ಆದರೆ ಇಲ್ಲಿ ದೂರ ಇದೆ, ಹೆಸರಿಲ್ಲ! ಚೆಸ್ಟ್ ನಂಬರಿಗೆ ಯಾವ ಹುಡುಗಿ ಎಂಬ ಪಟ್ಟಿ ಬೇರೆ ಹಾಳೆಯಲ್ಲಿತ್ತಂತೆ, ಅದು ಮೇಲಿನ ಕಚೇರಿಗೆ ಹೋಯಿತಂತೆ.

“ಹೆಸರು ಇಲ್ಲೇ ಬರ್ಕೊಂಡಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ” ಅಂದೆ.

“ಬರ್ಕೊಂಡು ಏನ್ ಮಾಡದು ಸಾರ್? ಜಿಲ್ಲೆಗೆ ಕಳ್ಸೋಕೆ ಫಸ್ಟು ಸೆಕೆಂಡು ಯಾರು ಅಂತ ಕೇಳ್ತಾರೆ. ಎಷ್ಟು ಎಸೆದ್ಲು ಅಂತ ನನ್ನ ಸರ್ವೀಸಲ್ಲೇ ಕೇಳಿದವ್ರು ನೀವೇ ಮೊದ್ಲು.”

ಪ್ರಮಾಣಪತ್ರದಲ್ಲಿ ಹೆಸರಿದೆ, ದೂರ ಇಲ್ಲ. ಪುಸ್ತಕದಲ್ಲಿ ದೂರ ಇದೆ, ಹೆಸರಿಲ್ಲ. ಎರಡನ್ನೂ ಬೆಸೆಯುವ ಹಾಳೆ ರದ್ದಿಯಾಗಿದೆ. ಮೇಷ್ಟರನ್ನು ದೂರಲಾರೆ. ಕೇಳದ ಪ್ರಶ್ನೆಗೆ ಉತ್ತರವನ್ನು ಯಾರು ಜೋಪಾನ ಮಾಡುತ್ತಾರೆ? ಅವರು ಅಷ್ಟಾದರೂ ಮಾಡಿದರು.

ಹಾಗಂತ ನಮ್ಮ ನೆಲಕ್ಕೆ ಬರೆದಿಡುವ ಅಭ್ಯಾಸವೇ ಇರಲಿಲ್ಲ ಎಂದರೆ ಯಾರೂ ನಂಬಬಾರದು. ಈ ಎರಡು ತಾಲ್ಲೂಕುಗಳಷ್ಟು ಬರೆದಿಟ್ಟ ಸೀಮೆ ಕರ್ನಾಟಕದಲ್ಲೇ ಕಡಿಮೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟ 1902ರಲ್ಲಿ ಬಂತು, ಶಿಕಾರಿಪುರ ಅದರಲ್ಲಿದೆ. ಎಂಟನೆಯದು 1904ರಲ್ಲಿ, ಸೊರಬ ಅದರಲ್ಲಿದೆ. ಈ ರೈಸ್ ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿ ಮಗ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿ. ಶಾಲೆ ತನಿಖೆಗೆ ಊರೂರು ತಿರುಗುವಾಗ ಕಲ್ಲುಗಳ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. ಆಮೇಲೆ ಅದೇ ಬದುಕಾಯಿತು. ಶಾಲೆ ನೋಡಲು ಬಂದ ಅಧಿಕಾರಿ ಹಳ್ಳಿಯ ಕಲ್ಲನ್ನೂ ಬಿಡದೆ ನಕಲು ಮಾಡಿಕೊಂಡು ಹೋದ; ಅದೇ ಇಲಾಖೆಯ ಅಂಗಳದಲ್ಲಿ ಅಳೆದ ಈಟಿಯ ದೂರವನ್ನು ನೂರು ವರ್ಷದ ನಂತರ ನಾವು ಉಳಿಸಿಕೊಳ್ಳಲಿಲ್ಲ.

ಆ ಸಂಪುಟಗಳನ್ನು ಈಟಿ ಹುಡುಕುವ ಕಣ್ಣಿನಿಂದ ಮತ್ತೆ ಓದಿದೆ. ಶಿಕಾರಿಪುರದ 176ನೆಯ ಶಾಸನ ತಾಳಗುಂದದ ಕಂಬ. ಮುಂದೆ ದೊರೆಯಾದ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಪಲ್ಲವರ ಕುದುರೆ ಸವಾರನ ಜತೆ ಜಗಳವಾಗಿ ಆಯುಧ ಹಿಡಿದ ಕಥೆ ಅಲ್ಲಿದೆ. ಅದು ದೊರೆಗಳ ಮಾತಾಯಿತು. ಸಾಮಾನ್ಯರ ಲೆಕ್ಕ ಇರುವುದು ವೀರಗಲ್ಲುಗಳಲ್ಲಿ. ಸೊರಬದ ಕಡೆ ಊರ ಹೊರಗಿನ ಗುಡಿಯ ಬದಿಗೆ, ಕೆರೆ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಕತ್ತಿ ಗುರಾಣಿ ಹಿಡಿದವನು, ಬಿಲ್ಲು ಬಗ್ಗಿಸಿದವನು, ಭರ್ಜಿ ಎತ್ತಿದವನು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ದೇವರ ಸನ್ನಿಧಿ. ಬರಹವುಳ್ಳ ಕಲ್ಲಾದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಆಳುವ ಅರಸ, ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ ಅಧಿಕಾರಿ, ಊರು, ಕಾಳಗಕ್ಕೆ ಕಾರಣ. ತುರು ಹಿಡಿದರೋ, ಊರು ಸುಟ್ಟರೋ, ಹೆಣ್ಣುಗಳ ಮೇಲೆ ಕೈ ಮಾಡಿದರೋ. ಆಮೇಲೆ ಸತ್ತವನ ಹೆಸರು, ಯಾರ ಮಗ, ಏನು ಮಾಡಿದ, ಕಲ್ಲು ನಿಲ್ಲಿಸಿದವರು ಯಾರು. ದಿನಾಂಕ, ಸ್ಥಳ, ಅಧಿಕಾರಿ, ಸ್ಪರ್ಧಿ, ಸಾಧನೆ. ಬೀಜಿಂಗಿನ ಹಾಳೆಗೂ ಇದಕ್ಕೂ ಕಾಲಂ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ದನ ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರು ಕೂಡ ಎಂಟುನೂರು ವರ್ಷದ ನಂತರ ಓದಲು ಸಿಗುತ್ತದೆ.

ಹೆಣ್ಣು? ಅಪ್ಸರೆಯಾಗಿ ಇದ್ದಾಳೆ, ಚಾಮರ ಬೀಸುತ್ತ ಇದ್ದಾಳೆ, ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಎತ್ತಿದ ಕೈಯಾಗಿ ಇದ್ದಾಳೆ. ಆಯುಧ ಹಿಡಿದ ಹೆಣ್ಣಿನ ಕಲ್ಲು ಬಹಳ ವಿರಳ. ಅಂದಿನವರನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ಗಂಡಿಗೆ ಕಾದಿದ್ದಕ್ಕೆ ಕಲ್ಲು, ಹೆಣ್ಣಿಗೆ ಗಂಡನ ಚಿತೆ ಏರಿದ್ದಕ್ಕೆ ಕಲ್ಲು. ಆದರೂ ಶಿಕಾರಿಪುರದ 219ನೆಯ ಶಾಸನದ ಮುಂದೆ ನಿಲ್ಲದೆ ಹೋಗಲು ಆಗುವುದಿಲ್ಲ. ಬಂದಳಿಕೆಯದು, ಹತ್ತನೇ ಶತಮಾನದ ಮೊದಲ ಭಾಗದ್ದು. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯಸ್ಥ, ಅಂದರೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಆಕೆ ಚಿತೆ ಏರಲಿಲ್ಲ, ನಾಡು ಆಳಿದಳು. ಆಡಳಿತದಲ್ಲಿ ಸಮರ್ಥೆ, ಹೆಣ್ಣಾದರೂ ಪರಾಕ್ರಮದಲ್ಲಿ ಕಡಿಮೆ ಇಲ್ಲದವಳು ಎಂಬ ಅರ್ಥದಲ್ಲಿ ಶಾಸನ ಅವಳನ್ನು ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಜೈನ ವ್ರತದಿಂದ ದೇಹ ಬಿಟ್ಟಳು. ಯಾವ ಹುದ್ದೆ, ಯಾರಿಂದ ಬಂತು, ಹೇಗೆ ನಡೆಸಿದಳು, ಯಾರಿಗೆ ಬಿಟ್ಟಳು, ಹೇಗೆ ಮುಗಿಯಿತು, ಎಲ್ಲ ಇದೆ. ಸಾವಿರದ ನೂರು ವರ್ಷದ ಹಿಂದಿನ ಹೆಣ್ಣೊಬ್ಬಳ ವೃತ್ತಿಜೀವನ ಶಿಕಾರಿಪುರ ತಾಲ್ಲೂಕಿನಲ್ಲೇ ಪೂರ್ತಿ ಸಿಗುತ್ತದೆ. ಮೂವತ್ತು ವರ್ಷದ ಹಿಂದೆ ಹುಣಸೆ ಮರದವರೆಗೆ ಈಟಿ ಎಸೆದವಳದ್ದು ಸಿಗುವುದಿಲ್ಲ.

ದೇಶದ ಮಟ್ಟದಲ್ಲಿ ಪರಿಸ್ಥಿತಿ ಸ್ವಲ್ಪ ಉತ್ತಮ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಬಾರ್ಬರಾ ವೆಬ್‌ಸ್ಟರ್ ಕಂಚು ಗೆದ್ದದ್ದು, 1958ರಲ್ಲಿ ಟೋಕಿಯೊದಲ್ಲಿ ಎಲಿಜಬೆತ್ ಡೇವನ್‌ಪೋರ್ಟ್ ಬೆಳ್ಳಿ ಗೆದ್ದದ್ದು ಪಟ್ಟಿಯಲ್ಲಿದೆ. ಅಲ್ಲಿಂದ ಚಿನ್ನಕ್ಕೆ ಕಾಯಬೇಕಾದದ್ದು 2023ರವರೆಗೆ. ಹಾಂಗ್‌ಝೌನಲ್ಲಿ ಅನ್ನು ರಾಣಿ 62.92 ಎಸೆದರು. ಮೀರತ್ ಬಳಿಯ ಹಳ್ಳಿಯ ಹುಡುಗಿ, ಶುರುವಿನಲ್ಲಿ ಕಬ್ಬಿನ ಜಲ್ಲೆ, ಬಿದಿರಿನ ಗಳು ಎಸೆದು ಕಲಿತವರು. ಅದಕ್ಕೂ ಮುಂಚೆ, 2022ರಲ್ಲಿ ಜಮ್ಶೆಡ್‌ಪುರದಲ್ಲಿ 63.82 ಎಸೆದಿದ್ದರು, ಅದು ರಾಷ್ಟ್ರೀಯ ದಾಖಲೆ. ಅನ್ನು ರಾಣಿ ಹೆಸರು ಉಳಿದದ್ದು ಅವರು ಮೇಲಕ್ಕೆ ಹೋದದ್ದರಿಂದ. ತಾಲ್ಲೂಕಿನಲ್ಲೇ ನಿಂತವರು ಎಷ್ಟು ಎಸೆದಿದ್ದರು ಎಂಬುದು ತಿಳಿದಿದ್ದರಲ್ಲವೇ, ಮೇಲಕ್ಕೆ ಹೋಗಬಹುದಾಗಿದ್ದವರು ಯಾರು ಅಂತ ಗೊತ್ತಾಗುವುದು? ಒಂದು ವರ್ಷ ಪ್ರಥಮ ಬಂದವಳ ಎಸೆತಕ್ಕಿಂತ ಇನ್ನೊಂದು ವರ್ಷ ಮೂರನೆಯವಳದು ದೊಡ್ಡದಿರಬಹುದು. ಸ್ಥಾನ ಅದನ್ನು ಹೇಳುವುದಿಲ್ಲ, ಮೀಟರು ಮಾತ್ರ ಹೇಳುತ್ತದೆ. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ 87.58 ಎಸೆದ ಮೇಲೆ ಆ ದಿನವನ್ನು ರಾಷ್ಟ್ರೀಯ ಜಾವೆಲಿನ್ ದಿನ ಅಂತ ಆಚರಿಸುತ್ತಾರೆ. ಹಾರ ಹಾಕುವುದು, ಭಾಷಣ ಮಾಡುವುದು ಸಾಕು. ಆ ದಿನ ಪ್ರತಿ ತಾಲ್ಲೂಕಿನಲ್ಲಿ ಒಂದು ಗೋಡೆಯ ಮೇಲೆ ಆ ತಾಲ್ಲೂಕಿನ ಹುಡುಗ, ಹುಡುಗಿಯರ ಉತ್ತಮ ಎಸೆತ ಎಷ್ಟು, ಯಾರದು, ಯಾವ ವರ್ಷದ್ದು ಅಂತ ಬಣ್ಣದಲ್ಲಿ ಬರೆಸಿದರೆ ಅದು ಹೆಚ್ಚಿನ ಆಚರಣೆ.

ಸ್ಮರಣ ಸಂಚಿಕೆಯ ಲೇಖನದಲ್ಲಿ ಕೊನೆಗೆ ಹೆಸರುಗಳ ಪಟ್ಟಿ ಹಾಕಿದೆ, ದೂರದ ಕಾಲಂ ಖಾಲಿ ಬಿಟ್ಟು. ಸಂಪಾದಕರು ಆ ಕಾಲಂ ತೆಗೆಯೋಣ, ಚೆನ್ನಾಗಿ ಕಾಣುವುದಿಲ್ಲ ಅಂದರು. ನಾನು ಬಿಡಲಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಕೂಟದಲ್ಲಿ ಟೇಪ್ ಸುತ್ತಿಡುವ ಮೊದಲು ಒಂದೇ ಹಾಳೆಯಲ್ಲಿ ಇಷ್ಟು ಬರೆಯಿರಿ: ಹುಡುಗಿಯ ಪೂರ್ಣ ಹೆಸರು, ತಂದೆ ತಾಯಿಯ ಹೆಸರು, ಶಾಲೆ, ದಿನಾಂಕ, ಈಟಿಯ ತೂಕ, ಮೂರೂ ಎಸೆತದ ಅಳತೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಹುಡುಗಿಯ ಮನೆಯವರಿಗೂ ಕಳಿಸಿ, ಪ್ರಮಾಣಪತ್ರದಲ್ಲಿ ಜಾಗ ಇಲ್ಲದಿದ್ದರೆ ಹಿಂಬದಿಯಲ್ಲಾದರೂ ದೂರವನ್ನು ಬರೆದು ರುಜು ಹಾಕಿ. ಶಿಕಾರಿಪುರ, ಸೊರಬದಲ್ಲಿ ಈಟಿ ಎಸೆದ ಅಕ್ಕತಂಗಿಯರ ಮನೆಯಲ್ಲಿ ಹಳೆಯ ಹಾಳೆ, ಫೋಟೊ, ಪತ್ರಿಕೆಯ ತುಣುಕು ಏನೇ ಇದ್ದರೂ ರದ್ದಿಗೆ ಹಾಕಬೇಡಿ, ನಿಮ್ಮ ಶಾಲೆಗೆ ಒಂದು ಪ್ರತಿ ಕೊಡಿ.